ಸಾವನದುರ್ಗದ ಕಾಡಿನಲ್ಲಿ ಒಂದು ಹಗಲು

ಮಳೆಕಾಡನ್ನು ನೋಡಬೇಕೆಂದು ಬಯಸುವವರು ನಮ್ಮ ಕಡೆಗೆ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಅವರು ಆಗುಂಬೆಗೆ ಹೋಗುತ್ತಾರೆ, ಜಿಗಣೆಗಳಿಗೆ ರಕ್ತದಾನ ಮಾಡುತ್ತಾರೆ, ತೃಪ್ತರಾಗಿ ಹಿಂದಿರುಗುತ್ತಾರೆ. ಆಗುಂಬೆಯಲ್ಲಿ ವರ್ಷವೊಂದಕ್ಕೆ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಮಾಗಡಿ, ರಾಮನಗರ, ಚನ್ನಪಟ್ಟಣ, ಕನಕಪುರಗಳ ಪಾಲಿಗೆ ಬರುವುದು 800ರಿಂದ 900 ಮಿಲಿಮೀಟರ್ ಮಾತ್ರ. ಅದೂ ಬಂದರೆ ಬಂತು, ಇಲ್ಲವಾದರೆ ಇಲ್ಲ. ಆದರೂ ಇಲ್ಲಿ ಕಾಡಿದೆ. ಆ ಕಾಡಿಗೆ ಒಂದು ಚರಿತ್ರೆಯಿದೆ. ಒಂದು ಕಾಲದಲ್ಲಿ ಅದು ಫಿರಂಗಿಗಳನ್ನು ಹೊಂದಿದ್ದ ಸೈನ್ಯವೊಂದನ್ನು ವಾರದ ಮಟ್ಟಿಗಾದರೂ ತಡೆದು ನಿಲ್ಲಿಸಿತ್ತು. ಆ ಚರಿತ್ರೆಯನ್ನು ಕುರಿತು ನಾಲ್ಕು ಮಾತು ಬರೆಯಬೇಕೆಂಬುದು ನನ್ನ ಬಹುದಿನದ ಆಸೆ.

ಮೊದಲಿಗೆ ಒಂದು ಪದದ ವಿಚಾರ. ಪಾಠ ಹೇಳಿದವನಿಗೆ ಪದಗಳ ಬೆನ್ನು ಹತ್ತುವ ಚಟ ನಿವೃತ್ತಿಯ ನಂತರವೂ ಬಿಡುವುದಿಲ್ಲ. ‘ಜಂಗಲ್’ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಸೂರ್ಯನ ಬೆಳಕು ನೆಲಕ್ಕೆ ಬೀಳದ, ಬಳ್ಳಿಗಳು ಹೆಣೆದುಕೊಂಡ, ತೊಟ್ಟಿಕ್ಕುವ ಹಸಿರು. ಇಂಗ್ಲಿಷಿನವರು ಲೋಕಕ್ಕೆಲ್ಲ ಹಂಚಿದ ಚಿತ್ರವದು. ಆದರೆ ಈ ಪದದ ತಾಯಿ ಸಂಸ್ಕೃತದ ‘ಜಾಂಗಲ’. ಆಯುರ್ವೇದ ಗ್ರಂಥಗಳು ಭೂಮಿಯನ್ನು ಜಾಂಗಲ, ಆನೂಪ, ಸಾಧಾರಣ ಎಂದು ವಿಂಗಡಿಸುತ್ತವೆ. ಆನೂಪವೆಂದರೆ ನೀರು ನಿಲ್ಲುವ, ತೇವದ, ದಟ್ಟ ಮರಗಳ ಪ್ರದೇಶ. ಜಾಂಗಲವೆಂದರೆ ಅದಕ್ಕೆ ತದ್ವಿರುದ್ಧ: ಒಣ ಹವೆ, ವಿರಳವಾದ ಮರ, ಮುಳ್ಳಿನ ಪೊದೆ, ಜಿಂಕೆ, ಕೌಜುಗ. ಪದವು ಹಡಗು ಹತ್ತಿ ಹೋಗಿ ತನ್ನ ವಿರುದ್ಧಾರ್ಥವನ್ನು ಹೊತ್ತುಕೊಂಡು ಮರಳಿತು! ಹಳೆಯ ಅರ್ಥದಲ್ಲಿ ನೋಡಿದರೆ ಆಗುಂಬೆಯದು ಜಂಗಲ್ ಅಲ್ಲ. ನಮ್ಮ ಸಾವನದುರ್ಗದ್ದೇ ಅಪ್ಪಟ ಜಾಂಗಲ.

ಇದನ್ನು ನಾನು 1997ರ ಡಿಸೆಂಬರಿನಲ್ಲಿ, ಒಂಬತ್ತನೆಯ ತರಗತಿಯ ನಲವತ್ತೆರಡು ಮಕ್ಕಳಿಗೆ ಸಾವನದುರ್ಗದ ಬುಡದಲ್ಲಿ ನಿಂತು ಹೇಳಿದ್ದೆ. ಭೂಗೋಳದ ಪುಸ್ತಕದಲ್ಲಿ ಅಮೆಜಾನಿನ ಚಿತ್ರ ನೋಡಿದ್ದ ಹುಡುಗನೊಬ್ಬ ಬಸ್ಸಿನಿಂದಿಳಿಯುತ್ತಲೇ, ‘ಇಷ್ಟೇನಾ ಸಾರ್ ಕಾಡು?’ ಎಂದು ಕೇಳಿದ್ದ. ಅಂದು ನಮಗೆ ದಾರಿ ತೋರಲು ಒಪ್ಪಿದ್ದವರು ಇರುಳಿಗ ಸಮುದಾಯದ ಒಬ್ಬ ಹಿರಿಯರು; ಆಗ ಅರಣ್ಯದ ದಿನಗೂಲಿ ಕಾವಲುಗಾರರಾಗಿದ್ದರು. ಹುಡುಗನ ಮಾತು ಅವರ ಕಿವಿಗೂ ಬಿತ್ತು. ಅವರು ನಕ್ಕು, ‘ಒಳಕ್ ಬಾ ಮಗ, ಆಮೇಲ್ ಕೇಳು’ ಎಂದಷ್ಟೇ ಹೇಳಿ ಮುಂದೆ ನಡೆದರು.

ಸಾವನದುರ್ಗವೆಂದರೆ ಒಂದು ಬೆಟ್ಟವಲ್ಲ, ಒಂದು ಬಂಡೆ. ಸಮುದ್ರಮಟ್ಟದಿಂದ 1,226 ಮೀಟರ್ ಎತ್ತರದ ಈ ಶಿಲೆ ಏಷ್ಯಾದ ಅತಿ ದೊಡ್ಡ ಏಕಶಿಲಾ ಬೆಟ್ಟಗಳ ಸಾಲಿಗೆ ಸೇರಿದ್ದು. ಭೂವಿಜ್ಞಾನಿಗಳು ಇದನ್ನು ‘ಕ್ಲೋಸ್‌ಪೇಟ್ ಗ್ರಾನೈಟ್’ ಎಂದು ಕರೆಯುತ್ತಾರೆ. ವಯಸ್ಸು ಸುಮಾರು 250 ಕೋಟಿ ವರ್ಷ. ನಡುವೆ ಸೀಳಿದಂತಿರುವ ಕಂದರವೊಂದು ಬಂಡೆಯನ್ನು ಎರಡು ಶಿಖರಗಳಾಗಿ ವಿಭಜಿಸಿದೆ. ಒಂದು ಕರಿಗುಡ್ಡ, ಇನ್ನೊಂದು ಬಿಳಿಗುಡ್ಡ. ಬುಡದಲ್ಲಿ ಸಾವಂದಿ ವೀರಭದ್ರಸ್ವಾಮಿ ಮತ್ತು ನರಸಿಂಹಸ್ವಾಮಿಯ ದೇವಾಲಯಗಳು, ಒಂದು ದರ್ಗಾ, ಅನತಿ ದೂರದಲ್ಲಿ ಅರ್ಕಾವತಿ. ಇವೆಲ್ಲವನ್ನೂ ಸುತ್ತುವರಿದಿರುವುದೇ ನಾನು ಹೇಳಹೊರಟಿರುವ ಕಾಡು, ಸುಮಾರು 2,700 ಹೆಕ್ಟೇರುಗಳಷ್ಟು.

ದುರ್ಗದ ರಾಜಕೀಯ ಚರಿತ್ರೆ ಬಲ್ಲವರಿಗೆ ಬಲ್ಲದ್ದೇ; ಬೇಗನೆ ಹೇಳಿ ಮುಗಿಸುತ್ತೇನೆ. ಹೊಯ್ಸಳ ಮೂರನೆಯ ಬಲ್ಲಾಳನ 1340ರ ಶಾಸನದಲ್ಲಿ ‘ಸಾವಂದಿ’ ಎಂಬ ಹೆಸರು ಕಾಣಿಸಿಕೊಳ್ಳುತ್ತದೆ. 1543ರಲ್ಲಿ ವಿಜಯನಗರದ ಅಧಿಕಾರಿ ಸಾಮಂತರಾಯನು ಇಲ್ಲಿ ಕೋಟೆ ಕಟ್ಟಿಸಿದನು. ಮುಂದೆ ಅದು ಕೆಂಪೇಗೌಡರ ವಂಶದ ಕೈಸೇರಿತು. 1638ರಲ್ಲಿ ಬಿಜಾಪುರದ ಸೈನ್ಯ ಬೆಂಗಳೂರನ್ನು ಕಸಿದುಕೊಂಡಾಗ ಇಮ್ಮಡಿ ಕೆಂಪೇಗೌಡರು ಮಾಗಡಿಗೆ ಬಂದು ನೆಲೆಸಿದರು. 1728ರಲ್ಲಿ ಮೈಸೂರಿನ ದಳವಾಯಿ ದೇವರಾಜಯ್ಯನು ಈ ದುರ್ಗವನ್ನು ಗೆದ್ದುಕೊಂಡನು. ಅಲ್ಲಿಂದ ಹೈದರ್ ಅಲಿ, ಬಳಿಕ ಟಿಪ್ಪು ಸುಲ್ತಾನ್.

ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಬಯಲಿನ ನಗರವನ್ನು ಕಳೆದುಕೊಂಡ ಪಾಳೆಯಗಾರನು ಹಿಂದೆ ಸರಿದು ಬಂದದ್ದು ಬಂಡೆಯ ಬಳಿಗೆ ಮಾತ್ರವಲ್ಲ, ಕಾಡಿನ ಬಳಿಗೂ. ಕೌಟಿಲ್ಯನು ದುರ್ಗಗಳನ್ನು ನಾಲ್ಕು ಬಗೆಯಾಗಿ ಹೇಳುತ್ತಾನೆ: ನೀರಿನ ದುರ್ಗ, ಗಿರಿದುರ್ಗ, ಮರುಭೂಮಿಯ ದುರ್ಗ, ವನದುರ್ಗ. ಸಾವನದುರ್ಗ ಗಿರಿದುರ್ಗವೂ ಹೌದು, ವನದುರ್ಗವೂ ಹೌದು. ಮಲೆನಾಡಿನ ಬಿದನೂರು ಇದಕ್ಕೆ ಒಳ್ಳೆಯ ಜೋಡಿ. ಬಿದಿರಿನ ಊರೆಂದೇ ಹೆಸರು ಪಡೆದ ಆ ರಾಜಧಾನಿಯ ಸುತ್ತ ಕೆಳದಿಯ ಅರಸರು ನೈಜ ಮಳೆಕಾಡನ್ನೇ ಕೋಟೆಯಾಗಿ ಉಳಿಸಿಕೊಂಡಿದ್ದರು. 1763ರಲ್ಲಿ ಹೈದರನು ಅದನ್ನು ಹಿಡಿದದ್ದು ಗೋಡೆ ಒಡೆದಲ್ಲ, ಕಾಡಿನ ಒಳದಾರಿಯನ್ನು ಬಲ್ಲವನೊಬ್ಬನು ತೋರಿಸಿಕೊಟ್ಟದ್ದರಿಂದ. ಕಾಡಿನ ಕೋಟೆಗೆ ಬಾಗಿಲು ಇರುವುದಿಲ್ಲ. ದಾರಿ ಬಲ್ಲವನೇ ಬಾಗಿಲು.

ಮಲೆನಾಡಿನಲ್ಲಿ ಅಂಥ ಕಾಡನ್ನು ಮಳೆಯೇ ಬೆಳೆಸಿಕೊಡುತ್ತದೆ. ಬಯಲುಸೀಮೆಯ ಅಂಚಿನ ಈ ಒಣ ನೆಲದಲ್ಲಿ ಮನುಷ್ಯನೂ ಕೈಜೋಡಿಸಬೇಕಾಯಿತು. 1791–92ರ ಯುದ್ಧದಲ್ಲಿ ಭಾಗವಹಿಸಿದ್ದ ಮೇಜರ್ ಡೈರಮ್ ಎಂಬ ಇಂಗ್ಲಿಷ್ ಅಧಿಕಾರಿ 1793ರಲ್ಲಿ ಆ ದಂಡಯಾತ್ರೆಯ ವೃತ್ತಾಂತವನ್ನು ಪ್ರಕಟಿಸಿದನು. ದುರ್ಗದ ಸುತ್ತ ಹಲವು ಮೈಲಿಗಳ ದಪ್ಪಕ್ಕೆ ಕಾಡು ಕವಿದಿತ್ತೆಂದೂ, ಅದು ಸಹಜವಾಗಿಯೇ ದುರ್ಗಮವಾಗಿದ್ದರೂ ಸಾಲದೆಂಬಂತೆ ನಡುನಡುವೆ ಬಿದಿರನ್ನು ನೆಟ್ಟು ಇನ್ನಷ್ಟು ದಟ್ಟವಾಗಿಸಲಾಗಿತ್ತೆಂದೂ ಅವನು ಬರೆದಿದ್ದಾನೆ. ನೆಟ್ಟ ಬಿದಿರು! ನಮ್ಮ ಪಠ್ಯಪುಸ್ತಕಗಳಲ್ಲಿ ಸಾವನದುರ್ಗದ ಮುತ್ತಿಗೆಗೆ ಎರಡು ಸಾಲು ದೊರೆತರೆ ಹೆಚ್ಚು. ಆ ಎರಡು ಸಾಲುಗಳಲ್ಲಿ ಬಿದಿರಿಗೆ ಸ್ಥಳವಿರಲಿಲ್ಲ. ಕಲ್ಲಿನ ಕೋಟೆಯನ್ನು ಕಟ್ಟಿಸಿದವನ ಹೆಸರು ಚರಿತ್ರೆಯಲ್ಲಿದೆ. ಬಿದಿರಿನ ಕೋಟೆಗೆ ಗುಂಡಿ ತೋಡಿ, ಗಡ್ಡೆ ನೆಟ್ಟು, ಮೇಕೆ ಮೇಯದಂತೆ ಕಾದವರ ಹೆಸರನ್ನು ಯಾವ ಬಖೈರೂ ಹೇಳುವುದಿಲ್ಲ.

ಅಂದು ನಮ್ಮ ಮಾರ್ಗದರ್ಶಿಗಳು ಮಕ್ಕಳನ್ನು ಮೊದಲು ಕರೆದೊಯ್ದದ್ದು ಹಳ್ಳವೊಂದರ ಪಕ್ಕದ ಬಿದಿರುಮೆಳೆಯ ಬಳಿಗೆ. ಮುಳ್ಳು ತುಂಬಿದ ಹೆಬ್ಬಿದಿರು. ಕೈ ತೂರಿಸಿ ನೋಡಿ ಎಂದರು. ಒಬ್ಬನೂ ಮೊಣಕೈವರೆಗೆ ತೂರಿಸಲಾರದೆ ಹೋದನು. ಬೆಂಕಿ ಹಚ್ಚಿದರೆ ಗಣ್ಣುಗಳು ತುಪಾಕಿಯಂತೆ ಸಿಡಿಯುತ್ತವೆ, ಕಡಿದರೆ ಮುಂದಿನ ಮಳೆಗೆ ಕಳಲೆ ಎದ್ದು ಮತ್ತೆ ಮೆಳೆಯಾಗುತ್ತದೆ ಎಂದು ವಿವರಿಸಿದರು. ಕೋಟೆಗೋಡೆ ಒಡೆದರೆ ಕಟ್ಟಲು ಒಡ್ಡರು ಬೇಕು. ಈ ಗೋಡೆಗೆ ಮುಂಗಾರು ಸಾಕು. ಮಕ್ಕಳಲ್ಲಿ ಒಬ್ಬಳು, ಇದು ಟಿಪ್ಪುವಿನ ಕಾಲದ ಬಿದಿರೇ ಎಂದು ಕೇಳಿದಳು. ಒಳ್ಳೆಯ ಪ್ರಶ್ನೆ. ಹೆಬ್ಬಿದಿರು ಸಾಮಾನ್ಯವಾಗಿ 40–50 ವರ್ಷಗಳಿಗೊಮ್ಮೆ ಸಾಮೂಹಿಕವಾಗಿ ಹೂಬಿಟ್ಟು, ಅಕ್ಕಿ ಉದುರಿಸಿ, ಒಟ್ಟಿಗೇ ಸಾಯುತ್ತದೆ. ಉದುರಿದ ಬೀಜದಿಂದ ಹೊಸ ತಲೆಮಾರು ಹುಟ್ಟುತ್ತದೆ. ಆ ಲೆಕ್ಕದಲ್ಲಿ ಅಂದು ನೆಟ್ಟ ಬಿದಿರಿನ ಸಂತಾನ ಉಳಿದಿದ್ದರೆ ಈಗ ನಡೆಯುತ್ತಿರುವುದು ಐದನೆಯದೋ ಆರನೆಯದೋ ತಲೆಮಾರು. ಮಾಗಡಿಯ ಎಷ್ಟೋ ಮನೆತನಗಳು ಅಷ್ಟು ತಲೆಮಾರುಗಳ ಲೆಕ್ಕ ಇಟ್ಟಿಲ್ಲ.

ಇನ್ನು ಮುತ್ತಿಗೆಯ ಪ್ರಸಂಗ. 1791ರ ಮೇ ತಿಂಗಳಿನಲ್ಲಿ ಲಾರ್ಡ್ ಕಾರ್ನ್‌ವಾಲಿಸ್ ಬೆಂಗಳೂರಿನಿಂದ ಶ್ರೀರಂಗಪಟ್ಟಣಕ್ಕೆ ಹೊರಟಾಗ ರಾಮಗಿರಿ–ಚನ್ನಪಟ್ಟಣಗಳ ನೇರ ಹೆದ್ದಾರಿಯನ್ನು ಬಿಟ್ಟು ಕಾನಕಾನಹಳ್ಳಿಯ ಸುತ್ತುದಾರಿ ಹಿಡಿದನು. (ಕಾನಕಾನಹಳ್ಳಿಯೇ ಇಂದಿನ ಕನಕಪುರ. ಆ ಹಳೆಯ ಹೆಸರು ಕೇಳಿದಾಗಲೆಲ್ಲ ನನ್ನ ಕಿವಿಗೆ ‘ಕಾನು’ ಎಂಬ ಶಬ್ದವೇ ಎರಡೆರಡು ಬಾರಿ ಬೀಳುತ್ತದೆ.) ನೇರ ದಾರಿಯ ಇಕ್ಕೆಲದ ಬೆಟ್ಟಗಳೆಲ್ಲ ಟಿಪ್ಪುವಿನ ಕೈಯಲ್ಲಿದ್ದವು. ಕಾನಕಾನಹಳ್ಳಿಯ ದಾರಿಯಲ್ಲಾದರೋ ಸುಲ್ತಾನನ ಜನ ಮುಂಚಿತವಾಗಿಯೇ ಹಳ್ಳಿಗಳನ್ನು ಖಾಲಿ ಮಾಡಿಸಿ ಮೇವು ಧಾನ್ಯಗಳನ್ನು ಸುಟ್ಟಿದ್ದರು. ಎತ್ತುಗಳು ದಾರಿಯುದ್ದಕ್ಕೂ ಸತ್ತವು. ಮಳೆಗಾಲ ಬೇಗನೆ ಹಿಡಿಯಿತು. ಅರಕೆರೆಯ ಬಳಿ ಕಾಳಗದಲ್ಲಿ ಗೆದ್ದರೂ, ಹೊಟ್ಟೆಗಿಲ್ಲದೆ, ಭಾರಿ ಫಿರಂಗಿಗಳನ್ನು ತಾನೇ ಒಡೆದುಹಾಕಿ ಕಾರ್ನ್‌ವಾಲಿಸ್ ಹಿಂದಿರುಗಬೇಕಾಯಿತು. ಮತ್ತೊಮ್ಮೆ ಹೊರಡುವ ಮುನ್ನ ಹೆದ್ದಾರಿಯ ಇಕ್ಕೆಲಗಳನ್ನೂ ಭದ್ರಪಡಿಸಿಕೊಳ್ಳಲೇಬೇಕೆಂದು ಅವನಿಗೆ ಮನವರಿಕೆಯಾದದ್ದು ಆಗ. ಸಾವನದುರ್ಗವನ್ನು ಬೆನ್ನ ಹಿಂದೆ ಬಿಟ್ಟು ಮುಂದೆ ಹೋದರೆ ಅಕ್ಕಿಯ ಎತ್ತುಗಾಡಿಗಳು ತಲುಪಲಾರವು.

ಆದರೆ ಇಂಗ್ಲಿಷ್ ಪಾಳೆಯದಲ್ಲಿ ಆ ಹೆಸರಿಗೇ ಅಂಜಿಕೆಯಿತ್ತು. ಸಾವನದುರ್ಗವನ್ನು ಅವರು ‘ಸಾವಿನ ದುರ್ಗ’ ಎಂದು ಕೇಳಿಸಿಕೊಂಡು, ಮೃತ್ಯುಶಿಲೆ ಎಂದು ತಮ್ಮ ಭಾಷೆಗೆ ಅನುವಾದಿಸಿಕೊಂಡಿದ್ದರು. ವ್ಯುತ್ಪತ್ತಿ ತಪ್ಪು; ಭಯ ಮಾತ್ರ ಸರಿಯಾದದ್ದು. ಕಾಡಿನ ಜ್ವರಕ್ಕೆ ಆ ಕಾಲದಲ್ಲಿ ಕಾರಣ ಗೊತ್ತಿರಲಿಲ್ಲ. ಕೊಳೆತ ಎಲೆಯ ಗಾಳಿಯಿಂದ ಜ್ವರ ಬರುತ್ತದೆಂದು ನಂಬಿದ್ದರು. ಸೊಳ್ಳೆಯ ಹೊಟ್ಟೆಯಲ್ಲಿ ರೊನಾಲ್ಡ್ ರಾಸ್ ಮಲೇರಿಯಾದ ಕ್ರಿಮಿಯನ್ನು ಕಂಡದ್ದು 1897ರಲ್ಲಿ, ಅಂದರೆ ನೂರಕ್ಕೂ ಹೆಚ್ಚು ವರ್ಷಗಳ ನಂತರ. ಮುತ್ತಿಗೆಯ ಸುದ್ದಿ ಕೇಳಿ ಟಿಪ್ಪು ಸಂತೋಷಪಟ್ಟನಂತೆ: ಐರೋಪ್ಯ ಸೈನಿಕರಲ್ಲಿ ಅರ್ಧದಷ್ಟು ಜನ ಜ್ವರಕ್ಕೆ ಬಲಿಯಾಗುತ್ತಾರೆ, ಉಳಿದರ್ಧ ಕೋಟೆಯ ಮುಂದೆ ಸಾಯುತ್ತಾರೆ ಎಂದು ಅವನು ಹೇಳಿದನೆಂಬ ಸುದ್ದಿ ಪಾಳೆಯದಲ್ಲಿ ಹರಡಿತ್ತೆಂದು ಡೈರಮ್ ದಾಖಲಿಸಿದ್ದಾನೆ. ಸುಲ್ತಾನನ ಯುದ್ಧತಂತ್ರದಲ್ಲಿ ಕಾಡೂ, ಕಾಡಿನ ಜ್ವರವೂ ಎರಡು ತುಕಡಿಗಳಂತೆ ಲೆಕ್ಕಕ್ಕೆ ಬಂದಿದ್ದವು.

ಡಿಸೆಂಬರ್ 10ರಂದು ಕರ್ನಲ್ ಸ್ಟುವರ್ಟನ ಪಡೆ ದುರ್ಗದಿಂದ ಮೂರು ಮೈಲಿ ದೂರದಲ್ಲಿ ಬೀಡುಬಿಟ್ಟಿತು. ಅಲ್ಲಿಂದ ಬಂಡೆಯ ಬುಡಕ್ಕೆ ಮೂರೇ ಮೈಲಿ. ಆ ಮೂರು ಮೈಲಿಗಳಿಗೆ ಒಂದು ವಾರ ಹಿಡಿಯಿತು. ಬಿದಿರು ಕಡಿದು, ಬಂಡೆಗಳ ಮೇಲೂ ಹಳ್ಳಗಳ ಮೇಲೂ ದಾರಿ ಮಾಡಿ, ಆ ದಾರಿಯ ಮೇಲೆ ಕಬ್ಬಿಣದ ಭಾರಿ ಫಿರಂಗಿಗಳನ್ನು ಎಳೆಯಬೇಕಾಗಿತ್ತು. ಇಡೀ ಮುತ್ತಿಗೆಯಲ್ಲಿ ಅತ್ಯಂತ ಕಷ್ಟದ ಕೆಲಸ ಇದೇ ಆಗಿತ್ತು. ಡಿಸೆಂಬರ್ 17ರಂದು ಫಿರಂಗಿಗಳು ಸಿಡಿಯತೊಡಗಿದವು. ಮೂರು ದಿನಗಳಲ್ಲಿ ಗೋಡೆ ಬಿರಿಯಿತು. 21ರಂದು 52ನೆಯ ರೆಜಿಮೆಂಟಿನ ಬ್ಯಾಂಡು ನುಡಿಯುತ್ತಿದ್ದಂತೆ ಏರಿ ಬಂದವರು ಒಂದು ಗಂಟೆಯೊಳಗೆ ಕೋಟೆಯನ್ನು ಹಿಡಿದರು. ಬ್ರಿಟಿಷರ ಕಡೆಯಲ್ಲಿ ಒಬ್ಬ ಸಿಪಾಯಿಗೆ ಗಾಯ. ಸಾವು ಒಂದೂ ಇಲ್ಲ. ಕೋಟೆಯವರು ಪಶ್ಚಿಮದ ಶಿಖರದತ್ತ ಓಡಿದಾಗ ಬೆನ್ನಟ್ಟಿದವರೂ ಅವರೊಡನೆಯೇ ಒಳನುಗ್ಗಿದರು. ಕಿಲ್ಲೇದಾರನು ಹತನಾದನು. ನೂರರಷ್ಟು ಜನ ಅಲ್ಲಿ ಸತ್ತರು. ಇನ್ನೆಷ್ಟೋ ಜನ ಕಡಿದಾದ ಬಂಡೆಯಿಂದ ಜಾರಿ ಪ್ರಪಾತಕ್ಕೆ ಬಿದ್ದರು. ಸಾವನದುರ್ಗವು ನಿಜಕ್ಕೂ ಸಾವಿನ ದುರ್ಗವಾಯಿತು, ಆದರೆ ತನ್ನನ್ನು ಕಾಯುತ್ತಿದ್ದವರಿಗೆ. ಕೆಲವೇ ದಿನಗಳಲ್ಲಿ ರಾಮಗಿರಿ, ಶಿವನಗಿರಿ, ಹುತ್ರಿದುರ್ಗಗಳೂ ಕೈಬಿಟ್ಟುಹೋದವು. 1792ರ ಫೆಬ್ರವರಿಯ ಹೊತ್ತಿಗೆ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಮುಂದಿದ್ದನು.

ವಾರವಿಡೀ ಕೈಗೂಡದ ದಾರಿ, ಒಂದು ಗಂಟೆಯಲ್ಲಿ ಬಿದ್ದ ಕೋಟೆ. ಇವೆರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದಾಗ, ಸಾವನದುರ್ಗದ ನಿಜವಾದ ಕೋಟೆ ಯಾವುದಾಗಿತ್ತೆಂಬುದರಲ್ಲಿ ನನಗೆ ಸಂಶಯ ಉಳಿದಿಲ್ಲ. ದುರ್ಗದ ಪತನ ಆರಂಭವಾದದ್ದು ಮೊದಲ ಬಿದಿರುಮೆಳೆಗೆ ಕೊಡಲಿ ಬಿದ್ದ ದಿನವೇ. ಇನ್ನೊಂದು ವಿಚಾರವೂ ಹೊಳೆಯುತ್ತದೆ. ಕೋಟೆಯ ಒಳಗಿದ್ದವರು ಕಾಡನ್ನೂ ಜ್ವರವನ್ನೂ ಅತಿಯಾಗಿ ನೆಚ್ಚಿಕೊಂಡಿರಬೇಕು. ಕಾಡು ಶತ್ರುವನ್ನು ತಡೆಯುವಂತೆಯೇ, ಒಮ್ಮೆ ಒಳಹೊಕ್ಕ ಶತ್ರುವನ್ನು ಮರೆಮಾಚುತ್ತದೆ ಕೂಡ. ದಂಡಿನ ಜೊತೆಯಲ್ಲಿದ್ದ ಚಿತ್ರಕಾರ ರಾಬರ್ಟ್ ಹೋಮ್ ಬಿಡಿಸಿದ ದುರ್ಗದ ದೃಶ್ಯಗಳು 1794ರಲ್ಲಿ ಲಂಡನ್ನಿನಲ್ಲಿ ಅಚ್ಚಾದವು. ಅಲ್ಲಿನ ಶ್ರೀಮಂತರ ದಿವಾನಖಾನೆಗಳಲ್ಲಿ ನಮ್ಮ ಮಾಗಡಿಯ ಬಂಡೆ ಆಗಲೇ ಪ್ರಸಿದ್ಧವಾಗಿತ್ತು. (1984ರಲ್ಲಿ ಡೇವಿಡ್ ಲೀನ್ ತನ್ನ ‘ಎ ಪ್ಯಾಸೇಜ್ ಟು ಇಂಡಿಯಾ’ ಚಿತ್ರದ ಗುಹೆಗಳಿಗಾಗಿ ಇಲ್ಲಿಗೇ ಬಂದದ್ದು ಬೇರೆ ಕಥೆ. ರಾಮನಗರಕ್ಕೆ ‘ಶೋಲೆ’ ಇದೆ. ಮಾಗಡಿಯವರಿಗೂ ಏನಾದರೂ ಬೇಡವೇ?)

ಯುದ್ಧ ಮುಗಿದ ಮೇಲೆ ಕಾಡಿನ ಕಥೆ ಮುಗಿಯಲಿಲ್ಲ. 1799ರಲ್ಲಿ ಟಿಪ್ಪು ಮಡಿದನು. ಮರುವರ್ಷ ದಿವಾನ್ ಪೂರ್ಣಯ್ಯನವರು ರಾಮಗಿರಿಯ ಬುಡದಲ್ಲಿ ಹೊಸ ಊರೊಂದನ್ನು ಕಟ್ಟಿಸಿ, ಮೈಸೂರಿನ ರೆಸಿಡೆಂಟ್ ಆಗಿದ್ದ ಬ್ಯಾರಿ ಕ್ಲೋಸ್‌ನ ಹೆಸರಿನಲ್ಲಿ ಕ್ಲೋಸ್‌ಪೇಟೆ ಎಂದು ಕರೆದರು. ಬಿ. ಎಲ್. ರೈಸ್ ತನ್ನ ಗ್ಯಾಸೆಟಿಯರಿನಲ್ಲಿ ಇದಕ್ಕೆ ಕೊಡುವ ಕಾರಣ ಸ್ವಾರಸ್ಯಕರ: ಕಾಡು ಕವಿದ ಈ ಸೀಮೆಯಲ್ಲಿ ಹಾದುಹೋಗುವ ಹೆದ್ದಾರಿಗೆ ರಕ್ಷಣೆ ಬೇಕಾಗಿತ್ತು. ಅಂದರೆ ಇಂದಿನ ರಾಮನಗರ ಪಟ್ಟಣ ಹುಟ್ಟಿದ್ದೇ ಕಾಡಿನ ಭಯದಿಂದ! ರೇಷ್ಮೆಗೂಡಿನ ಮಾರುಕಟ್ಟೆಯೂ, ಸಿನಿಮಾದ ಬಂಡೆಗಳೂ ಆಮೇಲಿನ ಮಾತು. ಸ್ವಾತಂತ್ರ್ಯಾನಂತರ ಕೆಂಗಲ್ ಹನುಮಂತಯ್ಯನವರ ಕಾಲದಲ್ಲಿ ಅದು ರಾಮನಗರವಾಯಿತು; 2007ರಲ್ಲಿ ನಾಲ್ಕು ತಾಲ್ಲೂಕುಗಳ ಜಿಲ್ಲಾಕೇಂದ್ರವಾಯಿತು; 2025ರಲ್ಲಿ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂಬ ಹೆಸರು ಬಂತು. ಕ್ಲೋಸ್ ಸಾಹೇಬನ ಹೆಸರು ಈಗ ಉಳಿದಿರುವುದು ಕಲ್ಲಿಗೆ ಮಾತ್ರ, ಆ ಗ್ರಾನೈಟಿಗೆ.

ಅದೇ 1800ರಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಗವರ್ನರ್ ಜನರಲ್‌ನ ಆಜ್ಞೆಯಂತೆ ಮೈಸೂರು ಸೀಮೆಯನ್ನೆಲ್ಲ ಸುತ್ತುತ್ತ ಮಾಗಡಿ, ಸಾವನದುರ್ಗ, ರಾಮಗಿರಿ, ಚನ್ನಪಟ್ಟಣಗಳನ್ನೂ ಹಾದುಹೋದನು. 1807ರಲ್ಲಿ ಮೂರು ಸಂಪುಟಗಳಾಗಿ ಹೊರಬಂದ ಅವನ ಪ್ರವಾಸಕಥನ ನಮ್ಮ ಜಿಲ್ಲೆಯ ಚರಿತ್ರೆಗೆ ಒಂದು ಗಣಿ. ಮಾಗಡಿ ಕಡೆಯ ಘಟ್ಟಿಪುರದಲ್ಲಿ ಕಬ್ಬಿಣ ಕಾಯಿಸುವ ಕುಲುಮೆಗಳನ್ನು ಅವನು ವಿವರವಾಗಿ ನೋಡಿದ್ದಾನೆ. ಚನ್ನಪಟ್ಟಣದಲ್ಲಿ ಆಗ ಉಕ್ಕಿನ ತಂತಿ ತಯಾರಾಗುತ್ತಿತ್ತು, ವಾದ್ಯಗಳಿಗೆ ಬಿಗಿಯುವ ನವುರಾದ ತಂತಿ. ದೂರದೂರದ ಸೀಮೆಗಳಿಗೂ ಅದು ಹೋಗುತ್ತಿತ್ತು. ಈ ಎರಡನ್ನೂ ಓದಿದಾಗ ನಮಗೆ ಕಾಣಿಸುವುದು ಕಬ್ಬಿಣ, ಉಕ್ಕು, ಸಂಗೀತ. ಕಾಣಿಸದೆ ಉಳಿಯುವುದು ಇದ್ದಿಲು. ಹಳೆಯ ಪದ್ಧತಿಯ ಕುಲುಮೆಯಲ್ಲಿ ಒಂದು ಮಣ ಕಬ್ಬಿಣ ಇಳಿಯಬೇಕಾದರೆ ಅದರ ಹಲವು ಪಟ್ಟು ತೂಕದ ಇದ್ದಿಲು ಉರಿಯಬೇಕು. ಆ ಇದ್ದಿಲಿಗೆ ಮತ್ತೆ ಹಲವು ಪಟ್ಟು ಮರ. ಯಾವುದೋ ಆಸ್ಥಾನದಲ್ಲಿ ವೀಣೆಯ ತಂತಿ ಮಿಡಿದಾಗ ಈ ಸೀಮೆಯ ದಿಂಡಿಗ, ಕಗ್ಗಲಿ ಮರಗಳೂ ಅದರಲ್ಲಿ ಮಿಡಿಯುತ್ತಿದ್ದವು.

ಕೊಡಲಿಗಿಂತ ವೇಗದ ಬಾಯಿ ಬಂದದ್ದು ರೈಲಿನೊಡನೆ. 1876–78ರ ಧಾತು ಈಶ್ವರದ ಬರಗಾಲದಲ್ಲಿ ಹಸಿದವರಿಗೆ ಕೆಲಸ ಕೊಡಲೆಂದು ಬೆಂಗಳೂರು–ಮೈಸೂರು ರೈಲುದಾರಿಯ ಮಣ್ಣು ಕೆಲಸ ಪ್ರಾರಂಭವಾಯಿತು. 1881ರಲ್ಲಿ ರೈಲು ಚನ್ನಪಟ್ಟಣದವರೆಗೆ ಬಂತು. ಮರುವರ್ಷ ಮೈಸೂರು ಮುಟ್ಟಿತು. ಆ ಎಂಜಿನ್ನುಗಳಿಗೆ ಸೌದೆಯೇ ಆಹಾರ. ಜೊತೆಗೆ ಬೆಳೆಯುತ್ತಿದ್ದ ಬೆಂಗಳೂರಿನ ಒಲೆಗಳು. 1864ರಲ್ಲಿ ಮೈಸೂರಿನಲ್ಲಿ ಅರಣ್ಯ ಇಲಾಖೆ ಆರಂಭವಾಗಿತ್ತು. 1900ರಲ್ಲಿ ಅರಣ್ಯ ಕಾನೂನು ಬಂತು. ಕಾನೂನು ಬಂದುದರಿಂದ ಕಾಡಿನ ಒಂದು ಪಾಲು ಉಳಿಯಿತೆಂಬುದು ನಿಜ. ಆದರೆ ಅದೇ ಕಾನೂನಿನ ಗೆರೆಯಿಂದ ಇರುಳಿಗರು ತಮ್ಮ ಮನೆಯಲ್ಲೇ ಅನುಮತಿ ಬೇಡುವವರಾದರು ಎಂಬುದೂ ಅಷ್ಟೇ ನಿಜ. ಜೇನು, ಮಾಗಳಿ ಬೇರು, ಗೆಡ್ಡೆಗೆಣಸುಗಳಿಂದ ಬದುಕುತ್ತಿದ್ದ ಜನ ಕ್ರಮೇಣ ಕಾಡಿನ ನಡುವಿನಿಂದ ಕಾಡಿನ ಅಂಚಿಗೆ ಬಂದು, ತೋಟ ಜಮೀನುಗಳಲ್ಲಿ ಕೂಲಿಗೆ ನಿಂತರು. ಅವರ ಹಕ್ಕನ್ನು ಕಾಗದದ ಮೇಲೆ ಒಪ್ಪಿಕೊಂಡ ಅರಣ್ಯ ಹಕ್ಕು ಕಾಯಿದೆ ಬಂದದ್ದು 2006ರಲ್ಲಿ.

ನಮ್ಮ ಮಾರ್ಗದರ್ಶಿಗಳೂ ಅಂಥ ಒಬ್ಬರು. ಬೆಳಗಿನಿಂದ ಮಧ್ಯಾಹ್ನದವರೆಗೆ ಅವರು ಮೂವತ್ತಕ್ಕೂ ಮಿಗಿಲಾದ ಗಿಡಮರಗಳನ್ನು ಹೆಸರು ಹಿಡಿದು ತೋರಿಸಿದರು. ನಾನು ಕಿರುಪುಸ್ತಕದಲ್ಲಿ ಬರೆದುಕೊಳ್ಳುತ್ತ ಹೋದೆ: ದಿಂಡಿಗ, ಜಾಲಾರಿ, ಹುರುಗಲು, ಕಗ್ಗಲಿ, ತಾರೆ, ಕಕ್ಕೆ, ಮುತ್ತುಗ, ಕಾರೆ, ಬೂದಿ ಬಣ್ಣದ ಎಳೆಯ ಶ್ರೀಗಂಧ. 2003ರಲ್ಲಿ ವಿಜ್ಞಾನಿಗಳು ಈ ಕಾಡಿನಲ್ಲಿ 59 ಜಾತಿಯ ಮರಗಳನ್ನೂ 119 ಜಾತಿಯ ಪೊದೆಗಿಡಗಳನ್ನೂ ಗುರುತಿಸಿದರೆಂದು ಮುಂದೆ ಓದಿದಾಗ, ಆ ಹಿರಿಯರನ್ನು ಒಂದು ವಾರ ಜೊತೆಗೆ ಕರೆದೊಯ್ದಿದ್ದರೆ ಪಟ್ಟಿ ಇನ್ನೂ ಬೆಳೆಯುತ್ತಿತ್ತೇನೋ ಅನ್ನಿಸಿತು. ಒಂದೆಡೆ ಬಂಡೆಯ ಬಿರುಕಿನಲ್ಲಿ ಕೈಯಾಡಿಸಿ, ಬಳ್ಳಿಯೊಂದರ ಬೇರನ್ನು ಚೂರು ಮುರಿದು ಮಕ್ಕಳ ಮೂಗಿಗೆ ಹಿಡಿದರು. ‘ಉಪ್ಪಿನಕಾಯಿ!’ ಎಂದು ಹತ್ತಾರು ಮಂದಿ ಒಟ್ಟಿಗೆ ಕೂಗಿದರು. ಮಾಗಳಿ ಬೇರು. ದಕ್ಷಿಣ ಭಾರತದ ಇಂಥ ಕಲ್ಲುಗುಡ್ಡಗಳನ್ನು ಬಿಟ್ಟು ಜಗತ್ತಿನ ಇನ್ನೆಲ್ಲಿಯೂ ಅದು ಸಹಜವಾಗಿ ಬೆಳೆಯುವುದಿಲ್ಲ. ಅಜ್ಜಿಯ ಜಾಡಿಯಲ್ಲಿದ್ದದ್ದು ಕಾಡಿನಿಂದ ಬಂತೆಂದು ಆ ಮಕ್ಕಳಿಗೆ ಅಂದಿನವರೆಗೆ ಯಾರೂ ಹೇಳಿರಲಿಲ್ಲ. ಬೇರನ್ನು ಪೂರ್ತಿ ಕೀಳಬಾರದು, ಒಂದು ಪಾಲು ತೆಗೆದು ಮಣ್ಣು ಮುಚ್ಚಬೇಕು. ಪೇಟೆಯ ವ್ಯಾಪಾರಕ್ಕೆ ಬೇರುಸಹಿತ ಅಗೆದು ಒಯ್ಯುವವರಿಂದ ಬಳ್ಳಿ ಅಪರೂಪವಾಗುತ್ತಿದೆ ಎಂದು ಅವರು ಬೇಸರಪಟ್ಟುಕೊಂಡರು.

ಇನ್ನೊಂದೆಡೆ ಸಾಧಾರಣ ಗಾತ್ರದ ಮರವೊಂದರ ಎಲೆ ಕಿತ್ತರು, ಹಾಲು ಒಸರಿತು. ಇದು ಆಲೆ ಮರ. ಚನ್ನಪಟ್ಟಣದ ಮಕ್ಕಳೇ ಹೆಚ್ಚಾಗಿದ್ದ ನಮ್ಮ ಗುಂಪಿನಲ್ಲಿ ಈ ಹೆಸರು ಕೇಳಿ ಸಡಗರ. ಏಕೆಂದರೆ ಎಷ್ಟೋ ಮಕ್ಕಳ ಮನೆಗಳಲ್ಲಿ ತಿರುಗುಣಿಯ ಮೇಲೆ ಬೊಂಬೆಯಾಗುತ್ತಿದ್ದುದು ಇದೇ ಮರ. ದಂತದಂತೆ ಬೆಳ್ಳಗಿನ, ಮೃದುವಾದ, ಎಳೆ ತೋರದ ಈ ಮರದ ಮೇಲೆ ಅರಗಿನ ಬಣ್ಣ ಹಚ್ಚಿ, ತಾಳೆಗರಿಯಿಂದ ಉಜ್ಜಿ ಹೊಳಪು ತರುವ ಕಲೆಗೆ ಮುಂದೆ ಭೌಗೋಳಿಕ ಗುರುತಿನ ಮನ್ನಣೆಯೂ ಬಂತು. ಅರಗೂ ಕಾಡಿನದೇ, ಮುತ್ತುಗದಂಥ ಮರಗಳ ಮೇಲೆ ಕೂರುವ ಕೀಟದ್ದು. ‘ಇಷ್ಟೇನಾ ಕಾಡು’ ಎಂದಿದ್ದ ಹುಡುಗನ ತಂದೆಯೂ ಬೊಂಬೆಯ ಕೆಲಸದವರೇ. ಅವನು ಆ ಎಲೆಯನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಸಂಜೆಯವರೆಗೆ ನಡೆದನು. ಜೇಬಿನ ಕಲೆಗೆ ಮನೆಯಲ್ಲಿ ಬೈಗುಳ ಸಿಕ್ಕಿತೆಂದು ಮರುದಿನ ತಿಳಿಯಿತು.

ಒಂದು ತಿರುವಿನಲ್ಲಿ ದಾರಿಯೇ ಇಲ್ಲವಾಯಿತು. ಲಂಟಾನದ ಪೊದೆ ಗೋಡೆಯಂತೆ ಎದ್ದು ನಿಂತಿತ್ತು. ಇದೂ ಟಿಪ್ಪುವಿನ ಕಾಲದ್ದೇ ಎಂದು ಅದೇ ಹುಡುಗಿ ಕೇಳಿದಳು. ಅಲ್ಲ; ಅಮೆರಿಕದ ಉಷ್ಣವಲಯದಿಂದ ಈ ಗಿಡ ಭಾರತಕ್ಕೆ ಅಲಂಕಾರದ ಸಸ್ಯವಾಗಿ ಬಂದದ್ದು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ. ಸ್ಟುವರ್ಟನ ಕೊಡಲಿಯವರು ಬಿದಿರಿನೊಡನೆ ಹೋರಾಡಿದರೇ ಹೊರತು ಲಂಟಾನದೊಡನೆ ಅಲ್ಲ. ಅಂದು ಕೋಟೆಯನ್ನು ಕಾಯಲೆಂದು ಬಿದಿರು ನೆಟ್ಟರು. ಇಂದು ಯಾರೂ ನೆಡದ ಲಂಟಾನ ಕಾಡನ್ನೇ ಮುತ್ತಿಗೆ ಹಾಕಿದೆ. ಅದರ ಅಡಿಯಲ್ಲಿ ದಿಂಡಿಗದ ಸಸಿಯೂ ಏಳದು, ಹುಲ್ಲೂ ಏಳದು. ಹುಲ್ಲಿಲ್ಲದ ಕಾಡಿನಿಂದ ಆನೆ ಹೊಲಕ್ಕೆ ಇಳಿಯುತ್ತದೆ.

ಆನೆಯ ಮಾತು ಬಂದದ್ದರಿಂದ ಒಂದೆರಡು ಸಾಲು ಹೇಳಬೇಕು. ಕನಕಪುರದ ದಕ್ಷಿಣಕ್ಕೆ, ಅರ್ಕಾವತಿಯು ಕಾವೇರಿಯನ್ನು ಸೇರುವ ಸಂಗಮದ ಸುತ್ತ 1987ರಲ್ಲಿ ಕಾವೇರಿ ವನ್ಯಜೀವಿಧಾಮ ರೂಪುಗೊಂಡಿತು. 2013ರಲ್ಲಿ ಅದರ ವಿಸ್ತಾರ 1,000 ಚದರ ಕಿಲೋಮೀಟರುಗಳನ್ನು ದಾಟಿತು. ಅಲ್ಲಿಂದ ಹೊರಟ ಆನೆಗಳು ಚನ್ನಪಟ್ಟಣದ ತೆಂಗಿನಕಲ್ಲು ಕಾಡಿನ ಮೂಲಕ ಉತ್ತರಕ್ಕೆ ಸಾವನದುರ್ಗದ ಕಡೆಗೂ ಬರುತ್ತವೆ. ನಮಗೆ ನಾಲ್ಕು ಬಿಡಿ ಬಿಡಿ ಗುಡ್ಡಗಳಂತೆ ಕಾಣುವುದು ಆನೆಯ ನೆನಪಿನಲ್ಲಿ ಇನ್ನೂ ಒಂದೇ ಕಾಡು. ನಡುವೆ ಹೆದ್ದಾರಿ, ರೈಲು, ಬಾಳೆತೋಟ, ಬಡಾವಣೆ. ರಾಗಿ ಹೊಲದಲ್ಲಿ ಕಾವಲಿದ್ದು ಪ್ರಾಣ ಕಳೆದುಕೊಂಡವರ ಮನೆಗಳು ಈ ತಾಲ್ಲೂಕುಗಳಲ್ಲಿವೆ. ಆ ಮನೆಗಳ ಅಂಗಳದಲ್ಲಿ ನಿಂತು ಕಾಡಿನ ಮಹಿಮೆಯನ್ನು ಬಣ್ಣಿಸುವುದು ಸುಲಭವಲ್ಲ.

ರಾಮದೇವರ ಬೆಟ್ಟದ ರಣಹದ್ದುಗಳ ಕಥೆಯನ್ನು ಬಹಳ ಮಂದಿ ಬರೆದಿದ್ದಾರೆ. ದನಗಳಿಗೆ ಕೊಡುವ ಡೈಕ್ಲೋಫೆನಾಕ್ ಎಂಬ ನೋವಿನ ಔಷಧಿಯಿಂದ ಅವು ನಾಶವಾದವು. ಪಶುವೈದ್ಯದಲ್ಲಿ ಅದನ್ನು ನಿಷೇಧಿಸಿದ್ದು 2006ರಲ್ಲಿ. 2012ರಲ್ಲಿ ಬೆಟ್ಟದ 346 ಹೆಕ್ಟೇರನ್ನು ದೇಶದ ಮೊದಲ ರಣಹದ್ದು ಧಾಮವೆಂದು ಘೋಷಿಸಿದರು. 1997ರ ಆ ದಿನ ಬಿಳಿಗುಡ್ಡದ ನೆತ್ತಿಯ ಮೇಲೆ ದೊಡ್ಡ ರೆಕ್ಕೆಯ ಹಕ್ಕಿಗಳೆರಡು ಸುತ್ತುತ್ತಿದ್ದವು. ಮಾರ್ಗದರ್ಶಿಗಳು ಹಣೆಗೆ ಕೈಯಿಟ್ಟು ನೋಡಿ, ‘ಮೊದ್ಲು ಎಣಿಸಾಕ್ ಆಯ್ತಿರ್ಲಿಲ್ಲ ಸಾ’ ಎಂದರು. ನಾನು ಆ ಮಾತನ್ನೂ ಕಿರುಪುಸ್ತಕದಲ್ಲಿ ಬರೆದುಕೊಂಡಿದ್ದೇನೆ.

ಮಧ್ಯಾಹ್ನದ ಬುತ್ತಿಯ ನಂತರ ಅವರು ನಮ್ಮನ್ನು ಹಳೆಯ ಕಲ್ಲುಗೋಡೆಯೊಂದರ ಬಳಿಗೆ ಕರೆದೊಯ್ದರು. ಗಾರೆಯಿಲ್ಲದ ಗೋಡೆ, ಅತ್ತಿಯ ಬೇರು ಅದನ್ನು ಮುಷ್ಟಿಯಲ್ಲಿ ಹಿಡಿದಿತ್ತು. ಬೇರು ಗೋಡೆಯನ್ನು ಒಡೆಯುತ್ತಿದೆಯೋ ಬೀಳದಂತೆ ಹಿಡಿದಿದೆಯೋ ಹೇಳುವುದು ಕಷ್ಟವಾಗಿತ್ತು. ಅಲ್ಲಿ ಕುಳಿತು ನಾನು ಮಕ್ಕಳಿಗೆ 1791ರ ಪಾಠ ಹೇಳಿದೆ. ನೀಲನಕ್ಷೆ, ಕಪ್ಪುಹಲಗೆ ಯಾವುದೂ ಬೇಕಾಗಲಿಲ್ಲ. ಕೋಟೆಯವರ ಕಡೆ ಯಾರು, ಕೊಡಲಿಯವರ ಕಡೆ ಯಾರು ಎಂದು ಮಕ್ಕಳೇ ಗುಂಪು ಮಾಡಿಕೊಂಡರು. ಆದರೆ ಕಾಡಿನ ಕಡೆ ಯಾರು ಎಂದು ಒಬ್ಬನು ಕೇಳಿದಾಗ ಎಲ್ಲರೂ ಮಾರ್ಗದರ್ಶಿಗಳತ್ತ ನೋಡಿದರು. ಅವರು ಬೀಡಿಯನ್ನು ಕಲ್ಲಿಗೆ ಒತ್ತಿ ಆರಿಸಿ, ತುಂಡನ್ನು ಜೇಬಿಗೆ ಹಾಕಿಕೊಂಡರು. ಒಣ ಎಲೆಯ ಮೇಲೆ ಅವರು ಅದನ್ನು ಎಂದೂ ಎಸೆಯುತ್ತಿರಲಿಲ್ಲ.

ಸಾವನದುರ್ಗವನ್ನು ನೋಡಬಯಸುವ ಓದುಗರಿಗೆ ಕೆಲವು ಮಾತು. ಮಾಗಡಿಯಿಂದ ಹನ್ನೆರಡು ಕಿಲೋಮೀಟರ್. ಬಂಡೆ ಏರುವುದು ಕಷ್ಟ, ಮಳೆಯಲ್ಲಂತೂ ಕೂಡದು. ಜಾರಿ ಪ್ರಾಣ ಕಳೆದುಕೊಂಡವರಿದ್ದಾರೆ. ನನ್ನ ವಯಸ್ಸಿನವರು ಶಿಖರದ ಹಂಬಲ ಬಿಟ್ಟು ಬುಡದ ಕಾಡಿನಲ್ಲಿ ನಡೆದರೆ ಸಾಕು. ಅರಣ್ಯದವರ ಅನುಮತಿ ಪಡೆದು, ಸ್ಥಳೀಯರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ. ಅವರಿಗೆ ತಕ್ಕ ಸಂಭಾವನೆ ಕೊಡಿ. ಡಿಸೆಂಬರ್ ಒಳ್ಳೆಯ ಕಾಲ. ಬೆಳಿಗ್ಗೆ ಏಳರೊಳಗೆ ತಲುಪಿದರೆ ಬಂಡೆಯ ಬುಡದ ಪೊದೆಗಳಲ್ಲಿ ಹಳದಿ ಕೊರಳಿನ ಪಿಕಳಾರವನ್ನು ಕಾಣಬಹುದು. ದಖ್ಖನಿನ ಕಲ್ಲುಗುಡ್ಡಗಳಲ್ಲಿ ಮಾತ್ರ ಇರುವ ಅಪರೂಪದ ಹಕ್ಕಿ. ಬಲು ನಾಚಿಕೆಯದು, ಆದ್ದರಿಂದ ಮೊದಲು ದನಿ ಕೇಳಿ, ಆಮೇಲೆ ಹುಡುಕಿ.